ಮರ ಏನೂ ಸಾಯಲ್ಲ ಬಿಡಿ ಅನ್ನೋರಿಗೆ...

"ಮರ ಏನೂ ಸಾಯಲ್ಲ ಬಿಡಿ, ಮೇಲಿನ ಸಿಪ್ಪೆ ತಾನೇ?"

ಈ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿ ಹೋಗಿದೆ. ಹೇಳೋರೇನೂ ಮರಗಳ್ಳರಲ್ಲ. ನನ್ನ ಹಾಗೇ ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬಂತೂಂದ್ರೆ ಗಾಳದ ಕೋಲು ಹಿಡಿದು ನೀರಿಗಿಳಿಯೋ ಸಂಭಾವಿತರು. ಪರಿಸರದ ದಿನ ಗಿಡ ನೆಟ್ಟು ಫೋಟೋ ಹಾಕೋರು. ಪ್ಲಾಸ್ಟಿಕ್ ಚೀಲ ಕಂಡರೆ ಮುಖ ಸಿಂಡರಿಸೋರು. ಆದರೆ ಅವರ ಕೋಲಿನ ಹಿಡಿಕೆ ಮಾತ್ರ ನಿಂತ ಮರದ ಮೈಯಿಂದ ಸುಲಿದು ತಂದದ್ದು. ಇವತ್ತು ಆ ಹಿಡಿಕೆ ಬಗ್ಗೇನೇ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ :)

ಗೊತ್ತಿಲ್ಲದೋರಿಗೆ ಮೊದಲು ವಿಷಯ ಹೇಳಿಬಿಡ್ತೀನಿ. ನಾನಿರೋದು ಫಿನ್ಲೆಂಡಿನ ಟಾಂಪೆರೆಯಲ್ಲಿ. ಇಲ್ಲಿ ಬರ್ಚ್ ಮರ ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಮರದಷ್ಟೇ ಸಾಮಾನ್ಯ. ಬಿಳೀ ಕಾಂಡ, ಅದರ ಮೇಲೆ ಕರೀ ಅಡ್ಡಗೆರೆಗಳು (ಮರ ಉಸಿರಾಡೋದು ಈ ಗೆರೆಗಳಿಂದಲೇ). ಹಿಮಾಲಯದ ಭೂರ್ಜ ಇದರ ದಾಯಾದಿ. ಇದರ ಹೊರತೊಗಟೆ ಕಾಗದದ ಹಾಗೆ ಪದರ ಪದರವಾಗಿ ಏಳುತ್ತೆ. ಫಿನ್ನಿಶ್ ಭಾಷೆಯಲ್ಲಿ ಅದಕ್ಕೆ ಟುವೊಹಿ ಅಂತಾರೆ. ಆಡುಮಾತಿನಲ್ಲಿ ದುಡ್ಡಿಗೂ ಟುವೊಹಿ ಅಂತಲೇ ಹೇಳ್ತಾರೆ. ಈಗಿನ ಕೆಲವು ವ್ಯಾಪಾರಿಗಳನ್ನ ನೋಡಿದರೆ ಆ ಎರಡನೇ ಅರ್ಥವೇ ಮೊದಲಿನದಾಗಿದೆ ಅನ್ಸುತ್ತೆ.

ಈ ತೊಗಟೆಯ ಗುಣ ಒಂದೇ ಎರಡೇ! ಬೆಂಡಿನಲ್ಲಿ, ಅಂದರೆ ನಮ್ಮ ಬಾಟಲಿ ಕಾರ್ಕಿನಲ್ಲಿ, ಇರೋ ಸುಬರಿನ್ ಅನ್ನೋ ಮೇಣದಂಥ ವಸ್ತು ಇದರಲ್ಲೂ ಇದೆ. ನೀರು ಒಳಗೆ ಹೋಗಲ್ಲ. ಬೆಟುಲಿನ್ ಅನ್ನೋ ಇನ್ನೊಂದು ವಸ್ತು ಇದೆ, ಮರಕ್ಕೆ ಬಿಳೀ ಬಣ್ಣ ಬರೋದು ಅದರಿಂದ. ಬರ್ಚ್ ಮರ ಕಾಡಲ್ಲಿ ಬಿದ್ದು, ಒಳಗಿನ ಕಟ್ಟಿಗೆಯೆಲ್ಲ ಲಡ್ಡು ಹಿಡಿದು ಪುಡಿಯಾದರೂ ತೊಗಟೆ ಮಾತ್ರ ಕೊಳವೆ ಥರ ಹಾಗೇ ಉಳಿದಿರುತ್ತೆ. ರಷ್ಯಾದ ನೊವ್‌ಗೊರೊದ್‌ನಲ್ಲಿ 1951ರಿಂದ ಇಲ್ಲಿಯವರೆಗೆ 1,100ಕ್ಕೂ ಹೆಚ್ಚು ಬರ್ಚ್ ತೊಗಟೆ ಪತ್ರಗಳು ಮಣ್ಣಿನಿಂದ ಸಿಕ್ಕಿವೆ. ಸಾಲದ ಲೆಕ್ಕ, ಮದುವೆ ಮಾತುಕತೆ, ಒಬ್ಬ ಹುಡುಗ ಗೀಚಿದ ಚಿತ್ರ, ಎಲ್ಲಾ ಇದೆ ಅದರಲ್ಲಿ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಸುಮಾರು 5,300 ವರ್ಷ ಹಳೆಯ ಮನುಷ್ಯನ ಹತ್ತಿರ ಎರಡು ಬರ್ಚ್ ತೊಗಟೆಯ ಡಬ್ಬಿಗಳಿದ್ದವು. ಇಂಥ ವಸ್ತು ಗಾಳದ ಕೋಲಿಗೆ ಹಿಡಿಕೆಯಾದರೆ ಹೇಗಿರಬೇಡ ಹೇಳಿ. ಮಳೆಯಲ್ಲಿ ನೆನೆದರೂ ಜಾರಲ್ಲ, ಚಳಿಯಲ್ಲೂ ಕೈಗೆ ಬೆಚ್ಚಗಿರುತ್ತೆ. ಕಾರ್ಕಿಗಿಂತ ಸ್ವಲ್ಪ ತೂಕ ಜಾಸ್ತಿ, ಅಷ್ಟೇ.

ಮಾಡೋ ವಿಧಾನ ಇಲ್ಲಿನವರ ಪೂಕ್ಕೊ ಚಾಕುವಿನ ಹಿಡಿಯಿಂದ ಬಂದದ್ದು. ತೊಗಟೆಯನ್ನ 4 ಸೆಂಟಿಮೀಟರಿನ ಚೌಕ ಚೌಕ ಕತ್ತರಿಸೋದು. ಮೇಲಿನ ಪುಡಿ ಪದರ, ಒಳಗಡೆ ಅಂಟಿಕೊಂಡಿರೋ ಕಂದು ಸಿಪ್ಪೆ ಎರಡನ್ನೂ ಕೆರೆದು ತೆಗೆಯೋದು. ಪ್ರತಿ ಚೌಕಕ್ಕೂ ನಟ್ಟನಡುವೆ ತೂತು. ಮೇಣ ಸವರಿದ ಮರೆ ಇರೋ ಕಂಬಿಗೆ ಒಂದೊಂದನ್ನೇ ಪೋಣಿಸುತ್ತಾ ನೀರಿಗೆ ಬಿಡದ ಗೋಂದು ಹಚ್ಚುತ್ತಾ ಹೋಗೋದು. ಒಂದರ ಗೆರೆ ಉದ್ದಕ್ಕಿದ್ದರೆ ಮುಂದಿನದರ ಗೆರೆ ಅಡ್ಡಕ್ಕೆ. ಎರಡೂ ತುದಿಗೆ ವಾಷರ್ ಹಾಕಿ ನಟ್ ಬಿಗಿದು ಒಂದು ದಿನ ಪೂರ್ತಿ ಬಿಡೋದು. ಆಮೇಲೆ ಲೇತ್ ಮೇಲೆ ತಿರುಗಿಸಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಆಕಾರ ಕೊಡೋದು. ಮೊದಲು ದೋಸೆ ಪೇರಿಸಿಟ್ಟ ಹಾಗೆ ಕಾಣೋ ಈ ವಿಚಿತ್ರ ವಸ್ತು ಉಜ್ಜುತ್ತಾ ಹೋದ ಹಾಗೆ ಜೇನು ಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ಗೆರೆ ಮೂಡಿ... ಸರಿ ಬಿಡಿ, ಮೈಮರೆತರೆ ಜಗಳ ಮರೆತುಹೋಗುತ್ತೆ.

ಜಗಳ ಇರೋದು ಆ ತೊಗಟೆ ಎಲ್ಲಿಂದ ಬಂತು ಅನ್ನೋದರಲ್ಲಿ.

ಹೋದ ಬೇಸಿಗೆಯಲ್ಲಿ ನಮ್ಮ ಮನೆ ಹತ್ತಿರದ ಕೆರೆ ದಂಡೆಯ ದಾರಿಯಲ್ಲಿ ಸಾಲಾಗಿ ಏಳು ಬರ್ಚ್ ಮರಗಳನ್ನ ಯಾರೋ ಎದೆ ಎತ್ತರಕ್ಕೆ ಸುಲಿದಿದ್ದರು. ಸುತ್ತಲೂ, ಪಟ್ಟಿ ಕಟ್ಟಿದ ಹಾಗೆ. ಕಟ್ ಮಾಡಿದ ಅಂಚು ನೋಡಿದರೇನೇ ಗೊತ್ತಾಗುತ್ತೆ, ಅಳತೆ ಪಟ್ಟಿ ಇಟ್ಟು ಗೆರೆ ಎಳೆದಿದ್ದಾರೆ. ಪುಂಡ ಹುಡುಗರ ಕೆಲಸ ಅಲ್ಲ, ಹವ್ಯಾಸಿಯ ಕೆಲಸ. ಮೂರು ಮರಗಳಲ್ಲಿ ಚಾಕು ಕಟ್ಟಿಗೆಯವರೆಗೂ ಇಳಿದಿತ್ತು.

ಚಾಕು ಎಷ್ಟು ಆಳಕ್ಕೆ ಇಳೀತು ಅನ್ನೋದೇ ಇಲ್ಲಿ ಎಲ್ಲಾ. ಬಿಳೀ ಹೊರತೊಗಟೆಯ ಕೆಳಗೆ ಇನ್ನೊಂದು ತೊಗಟೆ ಇದೆ, ಒಳತೊಗಟೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯೋದು ಇದರ ಮೂಲಕ. ಇದನ್ನ ಸುತ್ತಲೂ ಕತ್ತರಿಸಿದರೆ ಬೇರಿಗೆ ಊಟ ಬಂದ್. ಮರ ಅವತ್ತೇ ಸಾಯಲ್ಲ. ಮುಂದಿನ ವರ್ಷ ಎಲೆಯನ್ನೂ ಬಿಡಬಹುದು. ಕೂಡಿಟ್ಟಿದ್ದರಲ್ಲಿ ಸ್ವಲ್ಪ ಕಾಲ ಬದುಕಿ, ಆಮೇಲೆ ಮೇಲಿನಿಂದ ಒಣಗುತ್ತಾ ಬರುತ್ತೆ. "ನಾನು ಸುಲಿದ ಮರ ಚೆನ್ನಾಗೇ ಇದೆ, ಹೋಗಿ ನೋಡಿ" ಅಂತ ಆಗಸ್ಟಿನಲ್ಲಿ ಹೇಳೋ ಮಹಾನುಭಾವರು ಮೂರು ವರ್ಷ ಬಿಟ್ಟು ಹೋಗಿ ನೋಡಲ್ಲ. ಅಷ್ಟರಲ್ಲಿ ಅವರ ಹವ್ಯಾಸ ಚೀಸ್ ಮಾಡೋದಕ್ಕೆ ಬದಲಾಗಿರುತ್ತೆ.

ಇನ್ನು ಪಳಗಿದ ಕೈ ಸುಲಿದರೆ ಒಳತೊಗಟೆಗೆ ಏನೂ ಆಗಲ್ಲ, ಮರ ಬದುಕುತ್ತೆ ಅನ್ನೋದು ನಿಜ. ಜೂನ್ ಕೊನೆಯಿಂದ ಜುಲೈ ನಡುವಿನ ತನಕ ಮರದಲ್ಲಿ ರಸ ಹರೀತಾ ಇರುವಾಗ ಒಂದು ಗೀರು ಹಾಕಿದರೆ ಸಾಕು, ಹೊರತೊಗಟೆ ತಾನಾಗೇ ಚರಕ್ ಅಂತ ಬಿಟ್ಟುಕೊಳ್ಳುತ್ತೆ. ಆದರೆ ಬದುಕುತ್ತೆ ಅಂದರೆ ಹೇಗೆ ಬದುಕುತ್ತೆ? ಕವಚ ಇಲ್ಲದ ಒಳತೊಗಟೆ ಬಿಸಿಲಿಗೆ ಒಣಗುತ್ತೆ, ಚಳಿಗಾಲಕ್ಕೆ ಬಿರಿಯುತ್ತೆ, ಬೂಷ್ಟು ಒಳಗೆ ಸೇರೋಕೆ ದಾರಿಯಾಗುತ್ತೆ. ಅಲ್ಲಿ ಮತ್ತೆ ಬೆಳೆಯೋ ಸಿಪ್ಪೆ ಕಪ್ಪಗೆ, ಒರಟೊರಟಾಗಿ ಇರುತ್ತೆ. ಆ ಬಿಳೀ ಕಾಗದದಂಥ ತೊಗಟೆ ಆ ಜಾಗಕ್ಕೆ ವಾಪಸ್ ಬರಲ್ಲ. ಮರ ಇರೋ ತನಕ ಆ ಕರೀ ಪಟ್ಟಿ ಇರುತ್ತೆ.

"ಕಾರ್ಕನ್ನೂ ಜೀವಂತ ಮರದಿಂದಲೇ ಸುಲೀತಾರಲ್ಲ, ಅದಕ್ಕೇನಂತೀರಿ?" ಇದು ಅವರ ಎರಡನೇ ಅಸ್ತ್ರ. ಸ್ವಾಮೀ, ಆ ಮರವೇ ಬೇರೆ. ಅದು ಪೋರ್ಚುಗಲ್ ಕಡೆಯ ಕಾರ್ಕ್ ಓಕ್. ಸುಲಿದ ಮೇಲೆ ಮತ್ತೆ ದಪ್ಪ ಬೆಂಡು ಕಟ್ಟೋದೇ ಅದರ ಹುಟ್ಟುಗುಣ. ಅಂಥ ಮರವನ್ನೂ ಅಲ್ಲಿ ಮನಸ್ಸಿಗೆ ಬಂದಾಗ ಸುಲಿಯೋ ಹಾಗಿಲ್ಲ. ಮರಕ್ಕೆ ಸುಮಾರು 25 ವರ್ಷ ಆಗೋ ತನಕ ಮುಟ್ಟಲ್ಲ. ಆಮೇಲೆ ಒಂದು ಸುಲಿತಕ್ಕೂ ಇನ್ನೊಂದಕ್ಕೂ ಕನಿಷ್ಠ 9 ವರ್ಷ ಅಂತರ ಇರಬೇಕು ಅಂತ ಕಾನೂನೇ ಇದೆ. ಯಾವ ವರ್ಷ ಸುಲಿದಿದ್ದು ಅಂತ ಕಾಂಡದ ಮೇಲೆ ಬಣ್ಣದಲ್ಲಿ ಅಂಕಿ ಬರೆದಿರ್ತಾರೆ. ಬಾಟಲಿಗೆ ಹಾಕೋವಂಥ ಒಳ್ಳೆ ಕಾರ್ಕ್ ಸಿಗೋದು ಮೂರನೇ ಸುಲಿತದಲ್ಲಿ. ಅಂದರೆ ಅಜ್ಜ ನೆಟ್ಟಿದ್ದು ಮೊಮ್ಮಗನಿಗೆ. ಅಷ್ಟು ಲೆಕ್ಕ ಇಟ್ಟು ಮಾಡೋ ಬೇಸಾಯವನ್ನ ನೀವು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಮಾಡೋ ಕೆಲಸಕ್ಕೆ ಹೋಲಿಸ್ತೀರಲ್ಲ! "ಕಾರ್ಕಿಗಿಂತ ಪರಿಸರಸ್ನೇಹಿ" ಅಂತ ಬರ್ಚ್ ಹಿಡಿಕೆಗೆ ಚೀಟಿ ಅಂಟಿಸಿ ಮಾರೋರನ್ನ ಕಂಡರೆ ನನಗೆ ನಗು ಬರುತ್ತೆ. ಕಡಿದ ಮರದ ತೊಗಟೆಯಾದರೆ ಆ ಮಾತು ಒಪ್ಪೋಣ. ನಿಂತ ಮರದ್ದಾದರೆ ಅದು ಕಾರ್ಕಿಗಿಂತ ಎಷ್ಟೋ ಕಡೆ.

ಒಂದು ಲೆಕ್ಕ ಹಾಕೋಣ, ನನಗೆ ಲೆಕ್ಕ ಅಂದರೆ ಇಷ್ಟ. ಫ್ಲೈ ರಾಡಿನ ಒಂದು ಹಿಡಿಕೆ ಸುಮಾರು 17 ಸೆಂಟಿಮೀಟರ್ ಉದ್ದ. ಕೆರೆದು ಶುದ್ಧ ಮಾಡಿದ ತೊಗಟೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. ಹಾಗಾಗಿ ಒಂದು ಹಿಡಿಕೆಗೆ ಹತ್ತಿರ ಹತ್ತಿರ 150 ಚೌಕ ಬೇಕು. ಒಂದೊಂದು 16 ಚದರ ಸೆಂಟಿಮೀಟರ್, ಒಟ್ಟು 2,400. ನಿಂತ ಮರದಿಂದ ತೆಗೆಯೋದಾದರೆ 25 ಸೆಂಟಿಮೀಟರ್ ದಪ್ಪದ ಮರಕ್ಕೆ ಸುತ್ತಲೂ ಒಂದು ಅಡಿ ಅಗಲದ ಪಟ್ಟಿ ಸುಲಿಯಬೇಕು. ಒಂದು ಹಿಡಿಕೆಗೆ ಒಂದು ಮರದ ಸೊಂಟ!

ಈಗ ಸೌದೆ ಕಡೆ ಬನ್ನಿ. ಇಲ್ಲಿ ಒಲೆಗೆ ಮಾರೋ ಬರ್ಚ್ ಸೌದೆ ಸಾಮಾನ್ಯವಾಗಿ 33 ಸೆಂಟಿಮೀಟರ್ ಉದ್ದ. ಒಂದು ಸೀಳಿನ ಬೆನ್ನ ಮೇಲೆ ಹತ್ತು ಸೆಂಟಿಮೀಟರ್ ಅಗಲದ ತೊಗಟೆ ಇದ್ದರೆ 16 ಚೌಕ ಸಿಗುತ್ತೆ. ಅಂದರೆ ಹತ್ತು ಸೀಳು ಸೌದೆಯಲ್ಲಿ ಒಂದು ಹಿಡಿಕೆ ಮುಗೀತು. ಬರೀ ಹತ್ತು! ಈ ದೇಶದಲ್ಲಿ ಸೌನಾ ಇಲ್ಲದ ಮನೆ ಹುಡುಕೋದು ಕಷ್ಟ. ಕಟ್ಟಿಗೆ ಸೌನಾದ ಒಲೆ ಹೊತ್ತಿಸೋಕೆ ಎಲ್ಲರೂ ಮಾಡೋದೇನು? ಸೌದೆ ಮೇಲಿನ ಟುವೊಹಿ ಕಿತ್ತು ಬೆಂಕಿ ಹಚ್ಚೋದು. ಕಾಗದದ ಗಿರಣಿಗಳಿಗೆ ಹೋಗೋ ಬರ್ಚ್ ದಿಮ್ಮಿಯ ತೊಗಟೆಯನ್ನೂ ಯಂತ್ರ ಸುಲಿದು, ಅದು ಅಲ್ಲೇ ಉರುವಲಾಗುತ್ತೆ. ಇಡೀ ದೇಶ ಕಡ್ಡಿ ಗೀರಿ ಸುಡ್ತಾ ಇರೋ ವಸ್ತುವನ್ನ ನೀವು ಜೀವಂತ ಮರದ ಮೈಯಿಂದ ಯಾಕ್ರೀ ಕೀಳ್ತೀರಿ?

ಇದಕ್ಕೆ ಸಿಗೋ ಉತ್ತರ ಗೊತ್ತಿದೆ. "ಬೇಸಿಗೆಯಲ್ಲಿ ನಿಂತ ಮರದಿಂದ ಸುಲಿದ ತೊಗಟೆಯೇ ಶ್ರೇಷ್ಠ. ಮೃದು, ಬಾಗುತ್ತೆ, ಸೀಳಲ್ಲ." ಶ್ರೇಷ್ಠ, ಯಾವುದಕ್ಕೆ? ಬುಟ್ಟಿ ಹೆಣೆಯೋಕೆ. ಬೆನ್ನಿಗೆ ಹಾಕೋ ಚೀಲ, ತೊಗಟೆ ಚಪ್ಪಲಿ ಹೆಣೆಯೋಕೆ. ಅದಕ್ಕೆ ಮಾರುದ್ದದ ಪಟ್ಟಿ ಬೇಕು, ಹುರಿ ಹಾಗೆ ಬಾಗಬೇಕು. ನಮಗೆ ಬೇಕಾಗಿರೋದು ಬೆಂಕಿಪೊಟ್ಟಣದ ಗಾತ್ರದ ಚೂರು. ಅದನ್ನ ಬಗ್ಗಿಸೋದಿಲ್ಲ, ಹೆಣೆಯೋದಿಲ್ಲ. ಗೋಂದು ಹಚ್ಚಿ ಒತ್ತಿ ಇಡ್ತೀವಿ, ಅಷ್ಟೇ. ಸೌದೆ ತೊಗಟೆ ಸುರುಳಿ ಸುತ್ತಿಕೊಂಡಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಎರಡು ಹಲಗೆ ನಡುವೆ ಭಾರ ಹೇರಿ ವಾರ ಬಿಟ್ಟರೆ ಚಪ್ಪಟೆಯಾಗುತ್ತೆ. ಲೇತ್ ಮೇಲಿಂದ ಇಳಿದ ಎರಡು ಹಿಡಿಕೆ ಪಕ್ಕಪಕ್ಕ ಇಟ್ಟರೆ ಯಾವುದು ನಿಂತ ಮರದ್ದು, ಯಾವುದು ಸೌದೆಯದ್ದು ಅಂತ ನಾನಂತೂ ಹೇಳಲಾರೆ. ಹೇಳ್ತೀನಿ ಅನ್ನೋರು ಮುಂದೆ ಬನ್ನಿ, ಕಣ್ಣಿಗೆ ಬಟ್ಟೆ ಕಟ್ಟೋದೂ ಬೇಡ, ಕಣ್ಣು ಬಿಟ್ಕೊಂಡೇ ಹೇಳಿ.

ನಿಜವಾಗಿ ಬುಟ್ಟಿ ಹೆಣೆಯೋರನ್ನ ನೋಡಿ. ನನಗೆ ಪರಿಚಯದ ಒಬ್ಬರು ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ಅವರು ಸುಲಿಯೋದೂ ಜೂನಿನಲ್ಲೇ. ಆದರೆ ಯಾವ ಮರ? ಆ ಚಳಿಗಾಲದಲ್ಲಿ ಕಡಿಯೋದು ಅಂತ ತೋಟದ ಯಜಮಾನ ಮೊದಲೇ ಗುರುತು ಹಾಕಿದ ಮರ. ಒತ್ತಾಗಿ ಬೆಳೆದ ಕಾಡನ್ನ ಇಲ್ಲಿ ಆಗಾಗ ತೆಳುಮಾಡ್ತಾರಲ್ಲ, ಹಾಗೆ ಹೋಗೋ ಮರ. ಯಜಮಾನನಿಗೆ ಒಂದು ಬುಟ್ಟಿ ಕೊಟ್ಟು ಋಣ ತೀರಿಸ್ತಾರೆ. ಸಂಪ್ರದಾಯ ಅಂದರೆ ಇದು. ಸಂಪ್ರದಾಯದ ಹೆಸರು ಹೇಳಿಕೊಂಡು ದಾರಿ ಬದಿಯ ಮರಕ್ಕೆ ಚಾಕು ಹಾಕೋದಲ್ಲ.

ಅಮೆರಿಕದ ಮೂಲನಿವಾಸಿಗಳ ಮಾತೂ ಬರುತ್ತೆ ನಡುವೆ. ಅನಿಶಿನಾಬೆ ಜನ ಬರ್ಚ್ ತೊಗಟೆಯಲ್ಲಿ ದೋಣಿ ಕಟ್ಟುತ್ತಿದ್ದರು, ಈಗಲೂ ಕಟ್ಟೋರಿದ್ದಾರೆ, ನಾವು ಮಾಡಿದರೆ ತಪ್ಪಾ? ಅಂತ. ಅವರು ತಕ್ಕ ಮರಕ್ಕಾಗಿ ಕಾಡೆಲ್ಲ ಸುತ್ತುತ್ತಾರೆ, ಹೊಗೆಸೊಪ್ಪು ಅರ್ಪಿಸಿ ಮರದ ಅಪ್ಪಣೆ ಕೇಳಿ ಆಮೇಲೆ ಮುಟ್ಟುತ್ತಾರೆ. ಆ ದೋಣಿ ಒಂದು ಸಂಸಾರವನ್ನ ವರ್ಷಗಟ್ಟಲೆ ಸಾಕುತ್ತಿತ್ತು. ನಿಮ್ಮದು ಐದನೇ ಗಾಳದ ಕೋಲು, ಉಳಿದ ನಾಲ್ಕು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿವೆ. ಯಾವುದಕ್ಕೆ ಯಾವುದನ್ನ ಹೋಲಿಸೋದು?

ಕಾನೂನಿನ ಮಾತೂ ಹೇಳಿಬಿಡ್ತೀನಿ, ಯಾಕೆಂದರೆ ಇಲ್ಲಿಗೆ ಹೊಸದಾಗಿ ಬಂದ ನಮ್ಮವರಿಗೆ ಇದರಲ್ಲಿ ಗೊಂದಲ ಜಾಸ್ತಿ. ಫಿನ್ಲೆಂಡಿನಲ್ಲಿ ಯಾರ ಕಾಡಿನಲ್ಲಿ ಬೇಕಾದರೂ ಓಡಾಡಬಹುದು, ಹಣ್ಣು, ಅಣಬೆ ಕೀಳಬಹುದು, ಕೆಳಗೆ ಬಿದ್ದ ಒಣ ಪುಳ್ಳೆ ಆರಿಸಬಹುದು. ಎಲ್ಲರ ಹಕ್ಕು ಅಂತ ಅದಕ್ಕೆ ಹೆಸರು. ತೊಗಟೆ ಆ ಹಕ್ಕಿನಲ್ಲಿ ಬರಲ್ಲ! ಗಾಳಿಗೆ ಬಿದ್ದ ಇಡೀ ಮರವೂ ಬರಲ್ಲ, ಅದೂ ಜಮೀನಿನ ಯಜಮಾನನದ್ದೇ. ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಸಾಮಾನ್ಯವಾಗಿ ಕೊಡ್ತಾರೆ, ನನಗಿನ್ನೂ ಯಾರೂ ಇಲ್ಲ ಅಂದಿಲ್ಲ. ಕೇಳೋಕೆ ನಾಚಿಕೆ, ಕದಿಯೋಕೆ ನಾಚಿಕೆ ಇಲ್ಲ ಅಂದರೆ ಏನು ಹೇಳೋದು.

ಇನ್ನು ಅಂತರ್ಜಾಲದಲ್ಲಿ ಕತ್ತರಿಸಿದ ಚೌಕಗಳನ್ನೇ ಪೊಟ್ಟಣ ಕಟ್ಟಿ ಮಾರೋರು. ನಾನು ಮೂರು ಜನಕ್ಕೆ ಒಂದೇ ಪ್ರಶ್ನೆ ಕಳಿಸಿದೆ: ತೊಗಟೆ ತೆಗೆದಾಗ ಮರ ನಿಂತಿತ್ತೋ, ಬಿದ್ದಿತ್ತೋ? ಒಬ್ಬರು ನೂರು ಪ್ರತಿಶತ ನೈಸರ್ಗಿಕ ಅಂತ ಉತ್ತರ ಬರೆದರು. (ಹಾವಿನ ವಿಷವೂ ನೈಸರ್ಗಿಕವೇ.) ಇನ್ನೊಬ್ಬರು ಹತ್ತು ಪೊಟ್ಟಣ ತಗೊಂಡರೆ ಕಡಿಮೆಗೆ ಕೊಡ್ತೀನಿ ಅಂದರು. ಮೂರನೆಯವರದ್ದು ಉತ್ತರವೇ ಇಲ್ಲ. ಕೊಳ್ಳೋರು ಈ ಒಂದು ಪ್ರಶ್ನೆ ಕೇಳೋಕೆ ಶುರು ಮಾಡಿದರೆ ಇವರೆಲ್ಲ ಸೌದೆ ಡಿಪೋ ಬಾಗಿಲಿಗೆ ಓಡೋದು ಗ್ಯಾರಂಟಿ. ನಾವು ಕೇಳೋದು ಮಾತ್ರ ಬಣ್ಣ ಚೆನ್ನಾಗಿದೆಯಾ, ಅಂಚೆ ಖರ್ಚು ಎಷ್ಟು ಅಂತ.

"ಮೀನು ಹಿಡಿದು ಕೊಲ್ಲೋನು ಮರದ ಮೇಲೆ ಕರುಣೆ ತೋರಿಸ್ತಾನೆ ನೋಡಿ" ಅಂತ ಕಮೆಂಟು ಹಾಕೋಕೆ ಕೆಲವರ ಕೈ ತುರಿಸ್ತಾ ಇರಬಹುದು. ಹಾಕಿ, ತೊಂದರೆ ಇಲ್ಲ. ಹಿಡಿದ ಮೀನನ್ನ ನಾನು ತಿಂತೀನಿ. ಬೇಕಾದಷ್ಟು ಹಿಡಿದು ಮನೆಗೆ ಬರ್ತೀನಿ. ಬೇಡದ್ದನ್ನ ಯಾಕೆ ಕೊಲ್ತೀರಿ ಅನ್ನೋದು ನನ್ನ ಪ್ರಶ್ನೆ. ಸಸ್ಯಾಹಾರದ ಜಗಳ ಇನ್ನೊಂದು ದಿನ ಇಟ್ಕೊಳ್ಳೋಣ.

ಊರಿನ ಕಡೆಯಿಂದಲೂ ಈ ತೊಗಟೆಗೆ ಬೇಡಿಕೆ ಬರುತ್ತೆ ಅಂದರೆ ನಂಬ್ತೀರಾ? ಯಂತ್ರ ಬರೆಸೋಕೆ ಭೂರ್ಜಪತ್ರ ಬೇಕಂತೆ. ನಾನಿರೋ ಊರಿನ ತುಂಬಾ ಅದೇ ಮರ ಅಂತ ನಮ್ಮ ದೊಡ್ಡಮ್ಮನಿಗೆ ಯಾರೋ ಹೇಳಿದ್ದಾರೆ. "ಬರುವಾಗ ನಾಲ್ಕು ಹಾಳೆ ತಗೊಂಡು ಬಾರೋ" ಅಂದರು. ತರ್ತೀನಿ ದೊಡ್ಡಮ್ಮ, ಸೌದೆ ಮೇಲಿಂದ ಬಿಡಿಸಿದ್ದು ಅಂದೆ. "ಅಯ್ಯೋ, ಸೌದೆದಾ? ಅದು ಯಂತ್ರಕ್ಕೆ ಆಗತ್ತೇನೋ?" ನಗಬೇಡಿ. ಹಿಮಾಲಯದಲ್ಲಿ ಈ ಮರದ ಕಥೆ ನಗೋವಂಥದ್ದಲ್ಲ. ಗಂಗೋತ್ರಿಯಿಂದ ಗೋಮುಖಕ್ಕೆ ಹೋಗೋ ದಾರಿಯಲ್ಲಿ ಸುಮಾರು 3,800 ಮೀಟರ್ ಎತ್ತರದಲ್ಲಿ ಭೋಜವಾಸ ಅಂತ ಜಾಗ ಇದೆ. ಭೋಜ ಅಂದರೆ ಇದೇ ಭೂರ್ಜ, ಹೆಸರು ಬಂದಿದ್ದೇ ಮರದಿಂದ. ಯಾತ್ರಿಕರ ಒಲೆಗೆ ಕಡಿದು ಕಡಿದು ಆ ಜಾಗವೇ ಬೋಳಾಗಿತ್ತು. ಹರ್ಷವಂತಿ ಬಿಷ್ಟ್ ಅನ್ನೋ ಪರ್ವತಾರೋಹಿ 1990ರ ದಶಕದಲ್ಲಿ ಅಲ್ಲಿ ಮತ್ತೆ ಭೂರ್ಜದ ಸಸಿ ನೆಡೋ ಕೆಲಸ ಹಿಡಿದರು. 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದದ್ದು ಇವರೇ. ಅಷ್ಟು ಎತ್ತರದಲ್ಲಿ ವರ್ಷದ ಅರ್ಧ ಹಿಮ, ಸಸಿ ಒಂದು ಗೇಣು ಏಳೋದಕ್ಕೂ ವರ್ಷಗಳು ಬೇಕು. ಇತ್ತ ಅಂತರ್ಜಾಲದಲ್ಲಿ "ಅಸಲಿ ಭೋಜಪತ್ರ" ಇವತ್ತು ಆರ್ಡರ್ ಮಾಡಿದರೆ ನಾಲ್ಕು ದಿನದಲ್ಲಿ ಮನೆಗೆ. ಪೂಜೆಗೆ ಕೊಳ್ಳೋರೂ ಇದೇ ಪ್ರಶ್ನೆ ಕೇಳಲಿ: ಮರ ನಿಂತಿತ್ತೋ, ಬಿದ್ದಿತ್ತೋ? ಪುರೋಹಿತರಿಗೂ ಕೇಳಿಸೋ ಹಾಗೆ ಕೇಳಲಿ.

ನಮಗೇನು ಇದು ಗೊತ್ತಿಲ್ಲದ ವಿದ್ಯೆಯಾ? ಅಡಿಕೆ ತೋಟದಲ್ಲಿ ಹಾಳೆಗೆ ಯಾರಾದರೂ ಮರ ಹತ್ತಿ ಕತ್ತಿ ಹಾಕ್ತಾರಾ? ಅದು ತಾನಾಗೇ ಧೊಪ್ ಅಂತ ಬೀಳೋ ತನಕ ಕಾಯ್ತೀವಿ. ಬಿದ್ದ ಮೇಲೆ ಟೋಪಿ, ತಟ್ಟೆ, ಮೊಗೆ ಎಲ್ಲಾ ಮಾಡ್ಕೋತೀವಿ. ಅದೇ ನಮ್ಮ ಘಟ್ಟದ ಕಾಡಿನಲ್ಲಿ ಊದುಬತ್ತಿಯ ಅಂಟಿಗೆ ಅಂತ ಗುಳಮಾವಿನ ತೊಗಟೆ ಸುಲಿದು ಸುಲಿದು ಎಷ್ಟು ಮರ ಒಣಗಿ ನಿಂತಿವೆ ಅನ್ನೋದು ಕಾಡು ತಿರುಗಿದೋರಿಗೆ ಗೊತ್ತು. ಎರಡೂ ನಮ್ಮಲ್ಲೇ ಇದೆ.

ಸರಿ, ಬೈದದ್ದು ಸಾಕು, ಕೆಲಸಕ್ಕೆ ಬರೋ ಮಾತು. ಸೌದೆ ತರೋವಾಗ ಬುಡದ ಹತ್ತಿರದ ತೀರಾ ಬಿರುಕು ಬಿಟ್ಟ ತುಂಡು ಬೇಡ, ತುದಿಯ ಸಣ್ಣ ತುಂಡೂ ಬೇಡ, ಅದರ ತೊಗಟೆ ತೆಳ್ಳಗೆ. ನಡುವಿನ ದಪ್ಪ ತುಂಡು ಆರಿಸಿ. ಗಂಟು ಇರೋ ಕಡೆ ಬಿಟ್ಟುಬಿಡಿ. ಸೀಳಿದ ಅಂಚಿನಲ್ಲಿ ಮೊಂಡು ಚಾಕು ತೂರಿಸಿ ನಿಧಾನಕ್ಕೆ ಎಬ್ಬಿಸಿದರೆ ಹೊರತೊಗಟೆ ಬಿಟ್ಟುಕೊಳ್ಳುತ್ತೆ, ಹಟ ಹಿಡಿದರೆ ಬಿಸಿನೀರು ಸುರೀರಿ. ಚೌಕ ಕತ್ತರಿಸೋದಕ್ಕಿಂತ ಮೊದಲೇ ಭಾರ ಹೇರಿ ಒಣಗಿಸಿ, ಆಮೇಲಲ್ಲ. ಇಲ್ಲದಿದ್ದರೆ 150 ಸಣ್ಣ ಹಪ್ಪಳ ಕೈಲಿ ಹಿಡ್ಕೊಂಡು ಅಳ್ತಾ ಕೂರಬೇಕಾಗುತ್ತೆ. ಕಾಡಲ್ಲಿ ಬಿದ್ದು ಲಡ್ಡಾದ ಮರದ ತೊಗಟೆಯೂ ಗಟ್ಟಿ ಇದ್ದರೆ ನಡೆಯುತ್ತೆ, ಯಜಮಾನನನ್ನ ಕೇಳಿ ತನ್ನಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಕಟ್ಟಿ, ಧೂಳು ಭಯಂಕರ.

ಟಾಂಪೆರೆ ಸುತ್ತಮುತ್ತ ಇರೋ ಕನ್ನಡಿಗರು ಯಾರಿಗಾದರೂ ಹಿಡಿಕೆ ಮಾಡೋ ಆಸೆ ಇದ್ದರೆ ಒಂದು ಸಾಲು ಬರೀರಿ. ನಮ್ಮ ಶೆಡ್ಡಿನಲ್ಲಿ ಈ ಚಳಿಗಾಲದ ಸೌದೆಯಿಂದ ಬಿಡಿಸಿದ ತೊಗಟೆ ಎರಡು ಚೀಲ ತುಂಬಾ ಇದೆ, ಕಾಸು ಬೇಡ. ಚಾಕು ಮಾತ್ರ ನೀವೇ ತನ್ನಿ, ನನ್ನದು ಮೊಂಡಾಗಿದೆ.